ಮೈಕಿನ ಕೆಂಪು ದೀಪ

ದೀಪ ಉರಿಯುತ್ತಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ. ಬಸ್ಸಿನ ಕಿಟಕಿಗೆ ಭುಜ ಆನಿಸಿ, ಹಳೆಯ ಹೆಡ್‌ಸೆಟ್ ಇದ್ದ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಆ ಭಾನುವಾರದ ಮಧ್ಯಾಹ್ನವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದ. ಬಲಗೈ ಮೌಸಿನ ಮೇಲಿತ್ತು. ಎಡಗೈ ಎದ್ದು ಕಿವಿಯ ಮೇಲಿನ ಗುಂಡಿ ಒತ್ತಿತು. ಬಾಯಿಯ ಮುಂದೆ ಬಾಗಿದ್ದ ಮೈಕಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಹೊತ್ತಿಕೊಂಡಿತು. ಅದು ಹೊತ್ತಿಕೊಂಡ ಮೇಲೆಯೇ ಅವನು ಬಾಗಿಲ ಕಡೆ ತಿರುಗಿ ಹೆಂಡತಿಗೆ ಆ ಮಾತು ಹೇಳಿದ್ದು. ಹೇಳುವಾಗ ಆ ಕೆಂಪು ಚುಕ್ಕೆ ಕಣ್ಣಂಚಿನಲ್ಲೇ ಇತ್ತು. ದೀಪ ಉರಿಯುತ್ತಿದ್ದರೆ ಮೈಕು ಬಂದ್. ಮೈಕು ಬಂದಾಗಿದ್ದರೆ ಮಾತು ಆ ಕಡೆ ಹೋಗುವುದಿಲ್ಲ. ಹೋಗದ ಮಾತು, ಕಂಪ್ಯೂಟರ್ ಆಟದಲ್ಲಿ ಜೊತೆಗಿದ್ದ ತಮ್ಮನಿಗೆ ಕೇಳಿಸುವುದಕ್ಕೆ ಸಾಧ್ಯವಿಲ್ಲ. ಈ ಲೆಕ್ಕವನ್ನು ಅವನು ಹಲ್ಲುಜ್ಜುವಾಗ ಮಾಡಿದ್ದ, ಆಫೀಸಿನಲ್ಲಿ ಮಾಡಿದ್ದ, ಮಗಳ ಶಾಲೆಯ ಗೇಟಿನ ಮುಂದೆ ನಿಂತು ಮಾಡಿದ್ದ. ಪ್ರತಿಸಲವೂ ಸರಿಯಾದ ಉತ್ತರವೇ ಬರುತ್ತಿತ್ತು. ಆದರೂ ಇನ್ನೊಂದು ಸಲ ಮಾಡಿ ನೋಡಬೇಕು ಅನಿಸುತ್ತಿತ್ತು.

ಹೆಂಡತಿ ಅವತ್ತು ಜಗಳಕ್ಕೇನೂ ಬಂದಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟು ಹೊತ್ತು ಇದು?" ಎಂದಿದ್ದಳು, ಅಷ್ಟೆ. ತಲೆ ನರೆತ ಗಂಡಸು ಭಾನುವಾರ ಮಧ್ಯಾಹ್ನ ಪರದೆಯ ಮುಂದೆ ಕೂತು ಬಂದೂಕು ಹಾರಿಸುವುದನ್ನು ನೋಡಿದ ಯಾವ ಹೆಂಡತಿಯಾದರೂ ಕೇಳುವ ಪ್ರಶ್ನೆ ಅದು. ಅವನಿಗೆ ಮಾತ್ರ ಏನೋ ಕದ್ದು ತಿನ್ನುವಾಗ ಸಿಕ್ಕಿಬಿದ್ದ ಹಾಗಾಯಿತು. ಗುಂಡಿ ಒತ್ತಿ, ದೊಡ್ಡವನ ಗತ್ತಿನಲ್ಲಿ, "ಏನ್ ಮಾಡ್ಲಿ ಹೇಳು, ಬಿಟ್ರೆ ಬೇಜಾರು ಮಾಡ್ಕೋತಾನೆ. ಅವನಿಗೆ ಇನ್ಯಾರಿದ್ದಾರೆ? ಪಾಪ ಅಂತ ಆಡ್ತಾ ಇದೀನಿ, ಅಷ್ಟೆ. ಎರಡು ಗಂಟೆ ತಲೆ ತಿಂತಾನೆ" ಎಂದುಬಿಟ್ಟ. ಹೆಂಡತಿ ಹೂಂ ಎಂದು ಹೋದಳು. ಅವನು ಗುಂಡಿ ಒತ್ತಿ ದೀಪ ಆರಿಸಿದ. ಆಮೇಲೆಯೂ ತಮ್ಮ ಎಂದಿನಂತೆಯೇ ಆಡಿದ; ಒಂದು ಕಡೆಯಂತೂ "ಅಣ್ಣ, ಹಿಂದೆ ನೋಡ್ಕೋ" ಎಂದು ಕೂಗಿ ಇವನನ್ನು ಉಳಿಸಿದ. ಕೇಳಿಸಿಕೊಂಡವನು ಹಾಗೆ ಉಳಿಸುತ್ತಾನೆಯೇ? ಮುಂದಿನ ಭಾನುವಾರ ಮಾತ್ರ ತಮ್ಮನಿಂದ ಸಂದೇಶ ಬಂತು, ಈ ವಾರ ಆಗಲ್ಲ ಅಣ್ಣ, ಪ್ರೆಸ್ಸಲ್ಲಿ ಕೆಲಸ ಇದೆ. ಅದರ ಮುಂದಿನ ಭಾನುವಾರ ಬಂದದ್ದು ಒಂದೇ ಪದ, ಆಗಲ್ಲ. ಅಣ್ಣ ಎಂಬುದು ಅದರಲ್ಲಿರಲಿಲ್ಲ. ಅವಸರದಲ್ಲಿ ಬಿಟ್ಟುಹೋಗಿರಬಹುದು ಎಂದು ಅವನು ಫೋನನ್ನು ಮಗುಚಿಟ್ಟಿದ್ದ.

ನಿಜ ಹೇಳಬೇಕೆಂದರೆ ಪಾಪ ಎಂದು ಆಡುತ್ತಿದ್ದವನು ಅವನಲ್ಲ. ಸೋಮವಾರದಿಂದಲೇ ಅವನು ಭಾನುವಾರಕ್ಕೆ ಕಾಯುತ್ತಿದ್ದ. ಆಟವೇನೂ ದೊಡ್ಡದಲ್ಲ. ಹಿಮ ಬಿದ್ದ ಒಂದು ಪಾಳು ಊರು. ಇಬ್ಬರು ಮನೆಯಿಂದ ಮನೆಗೆ ನುಗ್ಗಿ ಡಬ್ಬಿ, ಕಂಬಳಿ, ಮದ್ದು ಹುಡುಕಬೇಕು. ಎಲ್ಲಿಂದಲೋ ಬರುವ ಶತ್ರುವಿನ ಹೆಜ್ಜೆಯನ್ನು ಕಿವಿಯಲ್ಲೇ ಗುರುತಿಸಿ ತಿರುಗಬೇಕು. ತಮ್ಮ ಇನ್ನೊಂದು ಊರಿನ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸದವನು, ಮದುವೆಯಾಗಿಲ್ಲ, ಟೈರು ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇರುತ್ತಾನೆ. ಅಂಗಡಿಯೊಂದು ಮುಚ್ಚುವಾಗ ಒಂದೇ ಥರದ ಎರಡು ಹೆಡ್‌ಸೆಟ್ ಕೊಂಡು ಒಂದನ್ನು ಇವನಿಗೆ ಕಳಿಸಿದವನೂ ಅವನೇ. ಎದುರುಬದುರು ಕೂತರೆ ಅಣ್ಣತಮ್ಮಂದಿರಿಗೆ ಮಾತೇ ಹೊರಡುವುದಿಲ್ಲ. ಮನೆಗೆ ಬಂದಾಗಲೆಲ್ಲ ತಮ್ಮ ಕುರ್ಚಿಯ ತುದಿಯಲ್ಲಿ ಕೂತು, ಅತ್ತಿಗೆ ಕೊಟ್ಟಿದ್ದನ್ನು ಕುಡಿದು, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದ. ಇರು ಎಂದು ಹೇಳುವುದು ಇವನಿಗೂ ತೋಚುತ್ತಿರಲಿಲ್ಲ. ಆ ಪಾಳು ಊರಿನಲ್ಲಿ ಮಾತ್ರ ಮಾತಿಗೆ ಬರವಿರಲಿಲ್ಲ. ಮಂಡಿನೋವು, ಪ್ರೆಸ್ಸಿನ ಮಾಲೀಕನ ಜಿಪುಣತನ, ಚಿಕ್ಕಂದಿನಲ್ಲಿ ಬಾವಿಗೆ ಬಿದ್ದ ಬೂಟು, ಎಲ್ಲವೂ ಬಂದೂಕಿಗೆ ಮದ್ದು ತುಂಬುತ್ತ ತುಂಬುತ್ತ ಬರುತ್ತಿದ್ದವು. ಹೋದ ಚಳಿಗಾಲದಲ್ಲಿ ಇವನ ಹೆಡ್‌ಸೆಟ್ಟಿನ ಎಡಗಿವಿ ಸತ್ತುಹೋಯಿತು. ಎಡದಿಂದ ಬಂದವರು ಕೇಳಿಸುತ್ತಲೇ ಇಲ್ಲ ಕಣೋ ಎಂದಿದ್ದಕ್ಕೆ, ತಮ್ಮ, "ಎಡಗಡೆ ನಾನಿದೀನಿ, ನೀನು ನಡಿ" ಎಂದ. ಅವತ್ತಿನಿಂದ ಆಟದಲ್ಲಿ ಯಾವಾಗಲೂ ಇವನ ಎಡಕ್ಕೇ ನಡೆಯುತ್ತಿದ್ದ. ಹೊಸದು ತಗೋ ಎಂದು ಒಮ್ಮೆಯೂ ಹೇಳಲಿಲ್ಲ. ತರಬೇಕೆಂದು ಇವನಿಗೂ ಅನಿಸಿರಲಿಲ್ಲ.

ಈಗ ತರಲು ಹೊರಟಿದ್ದ. ಬೇರೆ ದಾರಿ ತೋಚಿರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಕೇಳಿದರೆ ಕಾರಣ ಕೇಳಿದ ಹಾಗಾಗುತ್ತದೆ. ಹೊಸ ಹೆಡ್‌ಸೆಟ್ ತಂದಿದ್ದೇನೆ, ಸರಿಯಿದೆಯೋ ನೋಡಬೇಕು, ಸ್ವಲ್ಪ ಬಾ ಎಂದರೆ ಅದು ಸಹಾಯ ಕೇಳಿದ ಹಾಗೆ. ಸಹಾಯ ಕೇಳಿದರೆ ಇಲ್ಲ ಎನ್ನುವ ಜಾತಿಯವನಲ್ಲ ತಮ್ಮ. ಇದನ್ನು ಯೋಚಿಸಿದಾಗ ತನ್ನ ಜಾಣತನದ ಬಗ್ಗೆ ಅವನಿಗೆ ಸ್ವಲ್ಪ ಅಸಹ್ಯವೂ ಆಯಿತು. ಹಳೆಯದನ್ನು ಚೀಲಕ್ಕೆ ತುರುಕಿದ್ದು ಹೆಂಡತಿ. "ಅಳತೆಗಾದರೂ ಇರಲಿ, ನಿಮ್ಮ ತಲೆ ಎಲ್ಲರ ತಲೆ ಥರ ಅಲ್ಲ" ಎಂದಿದ್ದಳು.

ಅಂಗಡಿ ಮಹಡಿಯ ಮೇಲಿತ್ತು. ಗೋಡೆಯ ತುಂಬ ಕೊಕ್ಕೆ, ಕೊಕ್ಕೆಯ ತುಂಬ ಹೆಡ್‌ಸೆಟ್ಟುಗಳು. ಕನ್ನಡಕವನ್ನು ನೆತ್ತಿಗೇರಿಸಿಕೊಂಡ ದಪ್ಪನೆಯ ಹೆಂಗಸೊಬ್ಬಳು ಕೌಂಟರಿನ ಹಿಂದೆ ಕೂತು ಡಬ್ಬಿಯಿಂದ ಊಟ ಮಾಡುತ್ತಿದ್ದಳು. ಅಂಗಡಿಯ ಒಡತಿ ಅವಳೇ, ಬಂದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಬಂದವರಲ್ಲಿ ಒಬ್ಬರಿಗೂ ಗಡ್ಡ ಸರಿಯಾಗಿ ಬಂದಿರಲಿಲ್ಲ. ಅವಳು ಡಬ್ಬಿ ಮುಚ್ಚಿ, ಬಾಯಿ ಒರೆಸಿಕೊಂಡು, "ಬನ್ನಿ ಸಾರ್, ಮಗನಿಗಾ?" ಎಂದಳು. ಅವನು ಹೂಂ ಎಂದ. ಅವನಿಗೆ ಮಗನಿರಲಿಲ್ಲ.

"ಎಷ್ಟು ವಯಸ್ಸು?"

"ಹದಿನಾಲ್ಕು."

"ಕರ್ಕೊಂಡೇ ಬರಬೇಕಿತ್ತು. ತಲೆ ಅಳತೆ ಗೊತ್ತಾಗೋದು ಹೇಗೆ?"

"ನನ್ನ ತಲೆ ಅಷ್ಟೇ ಇದೆ."

"ಹದಿನಾಲ್ಕಕ್ಕೇ?" ಅವಳು ಅವನ ತಲೆಯನ್ನು ಆ ಪಕ್ಕ ಈ ಪಕ್ಕ ನೋಡಿದಳು. "ಇರಲಿ, ಬುದ್ಧಿ ಜಾಸ್ತಿ ಇರುತ್ತೆ. ಕನ್ನಡಕ?"

"ಅವನಿಗೂ ಇದೆ."

ಒಂದು ಸುಳ್ಳಿಗೆ ಹುಟ್ಟಿದ ಮಗ ನೋಡನೋಡುತ್ತ ಬೆಳೆದು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನಿಂತ. ಅಕ್ಕ ಒಂದೊಂದಾಗಿ ತೆಗೆದು ಅವನ ತಲೆಗೆ ಹಾಕತೊಡಗಿದಳು. ಮೊದಲನೆಯದು ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒತ್ತಿ ಹಿಡಿಯಿತು. ಐದು ನಿಮಿಷ ಹಾಗೇ ಇರಿ ಎಂದಳು ಅವಳು; ಅಂಗಡಿಯಲ್ಲಿ ಹಾಕಿದಾಗ ಎಲ್ಲವೂ ಹಿತವಾಗಿಯೇ ಇರುತ್ತವಂತೆ, ಮನೆಗೆ ಹೋಗಿ ಒಂದು ಗಂಟೆಯಾದ ಮೇಲೆ ಬಣ್ಣ ಬಯಲಾಗುತ್ತದಂತೆ. ಎರಡನೆಯದರ ರೆಗ್ಜಿನ್ ದಿಂಬು ಬೇಗ ಕಾದು ಕಿವಿ ಬೆವರಿತು. ಮೂರನೆಯದಕ್ಕೆ ಬಟ್ಟೆಯ ದಿಂಬಿತ್ತು, ಕಿವಿ ಪೂರ್ತಿ ಒಳಗೆ ಕೂರುತ್ತಿತ್ತು, ತಲೆಯ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರ. "ಈಗ ಕೇಳಿ" ಎಂದು ಅವಳು ಏನೋ ಒತ್ತಿದಳು. ಯಾರೋ ನಡೆದು ಬರತೊಡಗಿದರು. ಬಲಗಡೆಯಿಂದ ಹೊರಟ ಹೆಜ್ಜೆಗಳು ಜಲ್ಲಿಯನ್ನು ತುಳಿಯುತ್ತ ಬೆನ್ನ ಹಿಂದೆ ಸುತ್ತಿ ಎಡಗಡೆಗೆ ಬಂದವು, ಕಿವಿಯ ಪಕ್ಕದಲ್ಲೇ ನಿಂತವು. ಅವನು ಫಕ್ಕನೆ ಎಡಕ್ಕೆ ತಿರುಗಿ ನೋಡಿದ. ಅಲ್ಲಿ ಚಾರ್ಜರುಗಳ ಬುಟ್ಟಿ ಇತ್ತು. ಎಷ್ಟು ಕಾಲವಾಗಿತ್ತು ಎಡಗಡೆ ಏನನ್ನಾದರೂ ಕೇಳಿ. ಸಂತೋಷವಾಗಬೇಕಿತ್ತು, ಯಾರದೋ ಜಾಗದಲ್ಲಿ ಬೇರೆ ಯಾರೋ ಬಂದು ಕೂತ ಹಾಗೆ ಕಸಿವಿಸಿಯಾಯಿತು.

ಮೈಕು ನೋಡಲು ಮಾತಾಡಬೇಕಿತ್ತು. "ಏನಾದ್ರೂ ಹೇಳಿ ಸಾರ್, ರೆಕಾರ್ಡ್ ಆಗುತ್ತೆ." ಏನು ಹೇಳುವುದು? ಅವನ ಬಾಯಿ ತನಗೆ ಅಭ್ಯಾಸವಿದ್ದದ್ದನ್ನೇ ಹೇಳಿತು: "ನಮಸ್ಕಾರ. ಗಾಬರಿ ಆಗಬೇಡಿ. ನಮ್ಮ ಜನ ಹೊರಟಿದ್ದಾರೆ." ಅಕ್ಕ ಅದನ್ನು ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಹಾಕಿಬಿಟ್ಟಳು. ಗಾಬರಿ ಆಗಬೇಡಿ ಎಂಬುದು ಗೋಡೆಯಿಂದ ಗೋಡೆಗೆ ಹೋಯಿತು. ಗಡ್ಡವಿಲ್ಲದ ಗಿರಾಕಿಗಳೆಲ್ಲ ತಿರುಗಿ ನೋಡಿದರು, ಒಬ್ಬ ನಕ್ಕ. ಅವನಿಗೆ ಮೈಯೆಲ್ಲ ಹಿಡಿಯಾಯಿತು.

ಅದು ಅವನ ಹೊಟ್ಟೆಪಾಡಿನ ಮಾತು. ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಕೂತು, ಲಿಫ್ಟು ನಿಂತು ಒಳಗೆ ಸಿಕ್ಕಿಕೊಂಡವರ ಕರೆಗಂಟೆಗೆ ಉತ್ತರ ಕೊಡುವುದು ಅವನ ಕೆಲಸ. ಸಿಕ್ಕಿಕೊಂಡವರು ಗುಂಡಿ ಒತ್ತುತ್ತಾರೆ. ಇವನು ಇಷ್ಟು ಹೇಳಿ, ಮೆಕ್ಯಾನಿಕ್ಕನ್ನು ಕಳಿಸಿ, ತನ್ನ ಕಡೆಯ ಧ್ವನಿ ನಿಲ್ಲಿಸುತ್ತಾನೆ. ಒಳಗಿನವರು ತಂತಿಯೇ ಕಡಿಯಿತು ಅಂದುಕೊಳ್ಳುತ್ತಾರೆ. ಕಡಿದಿರುವುದಿಲ್ಲ. ಬಾಗಿಲು ತೆರೆಯುವ ತನಕ ಒಳಗಿನ ಸದ್ದು ಇವನ ಕಿವಿಯಲ್ಲಿ ಇದ್ದೇ ಇರಬೇಕು, ಯಾರಿಗಾದರೂ ಉಸಿರು ಕಟ್ಟಿದರೆ ಗೊತ್ತಾಗಬೇಕಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿರಿಯ ಆಪರೇಟರ್ ಹೇಳಿದ್ದು ಒಂದೇ ಮಾತು. "ಕೇಳಿಸಿದ್ದು ನಿನ್ನ ಹೊಟ್ಟೆಯಲ್ಲೇ ಇರ್ಬೇಕು. ಬಾಗಿಲು ತೆಗೆದ ಮೇಲೆ, ತೆಗೀತಾ ಅಂತ ಕೇಳು, ಫೋನ್ ಇಡು." ಒಬ್ಬ ಮನುಷ್ಯ ಎರಡು ಮಹಡಿಗಳ ನಡುವೆ ನಿಂತು ಕೆಲಸ ಬಿಡುತ್ತೇನೆ ಎಂದು ಸಾಹೇಬನಿಗೆ ಹೇಳುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದ್ದ, ಕೊನೆಗೆ ಬೇಡ ಬಿಡು ಎಂದು ತನಗೇ ಹೇಳಿಕೊಂಡಿದ್ದ. ಇನ್ನೊಂದು ಸಲ ಗಂಡಹೆಂಡತಿ ಇಬ್ಬರು ಮೊದಲು ಕಚ್ಚಾಡಿ, ಆಮೇಲೆ ಸುಮ್ಮನಾಗಿ, ಆಮೇಲೆ ಆಕೆ ಮೆಲ್ಲನೆ, "ನೀವು ನನ್ನನ್ನ ಒಪ್ಪಿ ಮದುವೆ ಆದ್ರಾ?" ಎಂದು ಕೇಳಿದ್ದಳು. ಗಂಡ ಉತ್ತರ ಕೊಡುವ ಮೊದಲೇ ಮೆಕ್ಯಾನಿಕ್ ಬಾಗಿಲು ತೆಗೆದ. ಬಾಗಿಲು ತೆಗೀತಾ ಮೇಡಂ ಎಂದು ಕೇಳಿ ಇವನು ಫೋನ್ ಇಟ್ಟಿದ್ದ. ಇಂಥವು ಅವನ ಹೊಟ್ಟೆಯಲ್ಲಿ ರಾಶಿ ಇದ್ದವು. ಒಂದನ್ನೂ ಅವನು ಮನೆಯಲ್ಲಿ ಹೇಳಿರಲಿಲ್ಲ, ಆ ವಿಷಯದಲ್ಲಿ ಅವನಿಗೆ ತನ್ನ ಮೇಲೆ ತಕ್ಕಮಟ್ಟಿನ ಗೌರವವಿತ್ತು.

ಮೂರನೆಯದನ್ನೇ ಕೊಡಿ ಎಂದ. ಅದರ ಮೈಕು ತುಂಬ ಜಾಣ ಎಂದಳು ಅಕ್ಕ. ಆಡುವವರ ಧ್ವನಿಯನ್ನು ಮಾತ್ರ ಹಿಡಿದು ಸುತ್ತಲಿನ ಗಲಾಟೆಯನ್ನೆಲ್ಲ ಸೋಸಿ ಬಿಸಾಕುತ್ತದಂತೆ, ಪಕ್ಕದಲ್ಲಿ ಮಿಕ್ಸಿ ಹಾಕಿದರೂ ಆ ಕಡೆಯವರಿಗೆ ಗೊತ್ತಾಗುವುದಿಲ್ಲವಂತೆ. ಬಿಲ್ಲು ಬರೆಯುವಾಗ ಅವಳ ಕಣ್ಣು ಚೀಲದ ಮೇಲೆ ಬಿತ್ತು. "ಅದೇನು, ಹಳೇದಾ? ಕೊಡಿ ನೋಡೋಣ, ಸುಮ್ಮನೆ ಯಾಕೆ ಎಸೀತೀರಿ." ಕಿವಿಯ ದಿಂಬು ಸುಲಿದು ಹಪ್ಪಳದಂತೆ ಎದ್ದಿದ್ದ ಅದನ್ನು ಅವನು ನಾಚಿಕೆಯಿಂದಲೇ ಕೊಟ್ಟ. ಅವಳು ತನ್ನ ಕಂಪ್ಯೂಟರಿಗೆ ಚುಚ್ಚಿದಳು. ಎಡಗಡೆ ತಂತಿ ಒಳಗೇ ಕಿತ್ತಿದೆ ಎಂದಳು. ಮೈಕು ಗಟ್ಟಿಮುಟ್ಟಾಗಿದೆ ಎಂದಳು. ಪರದೆಯ ಮೇಲೆ ಅವಳ ಮಾತಿಗೆ ತಕ್ಕಂತೆ ಹಸಿರು ಪಟ್ಟಿಯೊಂದು ಏರಿಳಿಯುತ್ತಿತ್ತು. ಅವಳು ಕಿವಿಯ ಮೇಲಿನ ಗುಂಡಿ ಒತ್ತಿದಳು. ಮೈಕಿನ ತುದಿಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. "ಹಲೋ, ಹಲೋ" ಎಂದಳು. ಹಸಿರು ಪಟ್ಟಿ ಏರಿತು, ಇಳಿಯಿತು.

ಅವಳು ಗುಂಡಿಯನ್ನು ಮತ್ತೆ ಒತ್ತಿ, ಮತ್ತೆ ಬಿಟ್ಟು, ಮತ್ತೆ ಒತ್ತಿ ನೋಡಿದಳು. "ಅಯ್ಯೋ ಸಾರ್, ಇದು ಬರೀ ದೀಪ."

"ಅಂದ್ರೆ?"

"ದೀಪ ಹತ್ತುತ್ತೆ, ಮೈಕ್ ನಿಲ್ಲಲ್ಲ. ಮಾಡೋವಾಗಲೇ ತಂತಿ ಕೊಟ್ಟಿಲ್ಲ ಪುಣ್ಯಾತ್ಮರು." ಅವಳು ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಹತ್ತಿರದಿಂದ ನೋಡಿದಳು. "ಮೊದಲಿಂದಲೂ ಹೀಗೇ ಇದು. ಇಷ್ಟು ದಿನ ಗೊತ್ತೇ ಆಗಲಿಲ್ವಾ? ಆ ಕಡೆ ಆಡೋರು ಯಾರೂ ಹೇಳಲಿಲ್ವಾ?"

"ಇಲ್ಲ."

"ಒಳ್ಳೆ ಸ್ನೇಹಿತರು ಬಿಡಿ ನಿಮ್ಮ ಮಗನಿಗೆ."

ಅವನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದ. ಬಸ್‌ಸ್ಟಾಪಿನ ಪಕ್ಕದಲ್ಲಿ ಯಾರೋ ಗೋಡೆಗೆ ಸುಣ್ಣ ಬಳಿಯುತ್ತಿದ್ದರು, ಅದನ್ನೇ ನೋಡುತ್ತ ನಿಂತ. ಅವತ್ತಿನ ಮಾತು ಹೋಯಿತು ಎಂಬುದು ಮೊದಲು ತಿಳಿಯಿತು; ಪಾಪ ಅಂತ ಆಡ್ತಾ ಇದೀನಿ ಎಂಬುದು ಟೈರು ಅಂಗಡಿಯ ಮೇಲಿನ ಕೋಣೆಯಲ್ಲಿ, ಬೇರೆ ಯಾರೂ ಇಲ್ಲದ ಕಡೆ, ಸ್ಪಷ್ಟವಾಗಿ ಕೇಳಿಸಿತ್ತು. ಬಸ್ಸು ಬಂದು, ಹತ್ತಿ, ಸೀಟು ಸಿಕ್ಕಿದ ಮೇಲೆ ಉಳಿದದ್ದು ನಿಧಾನವಾಗಿ ತಿಳಿಯುತ್ತ ಹೋಯಿತು. ಮೊದಲಿಂದಲೂ ಎಂದಿದ್ದಳು ಅವಳು. ಹಾಗಾದರೆ ಆ ಕೆಂಪು ದೀಪದ ಹಿಂದೆ ಕೂತು ಅವನು ಆಡಿದ್ದೆಲ್ಲವೂ ಹೋಗಿತ್ತು. ಮಗಳ ಅಂಕ ನೋಡಿ ಅವಳನ್ನು ಬೈದಿದ್ದು. ಆಮೇಲೆ ಹೆಂಡತಿ ಇವನನ್ನು ಬೈದಿದ್ದು. ಬಡ್ತಿ ತಪ್ಪಿದ ವಾರ, ಗುಂಡಿ ಒತ್ತಿ, ಮೇಜಿಗೆ ಹಣೆ ಹಚ್ಚಿ ಅವನು ಅತ್ತಿದ್ದ. ಯಾರೂ ನೋಡಲಿಲ್ಲವಲ್ಲ ಎಂದು ಮುಖ ತೊಳೆದು ಬಂದು, ದೀಪ ಆರಿಸಿ, ಮೇಲಿನ ಮನೆಯವರು ಬಂದಿದ್ದರು ಎಂದು ಸುಳ್ಳು ಹೇಳಿದ್ದ. ತಮ್ಮ, "ಹೂಂ, ಬರ್ತಾರೆ" ಎಂದಿದ್ದ. ಆಮೇಲೆ ಇವನಿಗೆ ತಾನೇ ಹುಡುಕಿದ್ದ ಮದ್ದನ್ನೆಲ್ಲ ಕೊಟ್ಟು, ನಂಗೆ ಬೇಡ ಇಟ್ಕೋ ಎಂದಿದ್ದ.

ಇನ್ನೊಂದು ನೆನಪಾಯಿತು. ತಮ್ಮ ಯಾವತ್ತೂ ಮ್ಯೂಟ್ ಒತ್ತಿದವನಲ್ಲ, ಅವನ ಕೋಣೆ ಯಾವಾಗಲೂ ಇವನ ಬಲಗಿವಿಯಲ್ಲಿ ಬಿಚ್ಚಿಕೊಂಡೇ ಇರುತ್ತಿತ್ತು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು, ತಟ್ಟೆಗೆ ಚಮಚ ತಗುಲುವ ಸದ್ದು, ಎಲ್ಲಕ್ಕಿಂತ ಹೆಚ್ಚಾಗಿ ಫ್ಯಾನಿನ ಸದ್ದು. ಆ ಫ್ಯಾನಿನ ಒಂದು ರೆಕ್ಕೆ ಎಲ್ಲಿಗೋ ತಗುಲಿ ಟಕ್ ಟಕ್ ಎನ್ನುತ್ತಿತ್ತು. ಮೊದಮೊದಲು ಕಿರಿಕಿರಿಯಾಗುತ್ತಿತ್ತು, ಆಮೇಲೆ ಅದು ನಿಂತರೇ ಕಿರಿಕಿರಿಯಾಗತೊಡಗಿತ್ತು. ಒಮ್ಮೊಮ್ಮೆ ನಿಲ್ಲುತ್ತಲೂ ಇತ್ತು. ಇವನು ಗುಂಡಿ ಒತ್ತಿ ಹೆಂಡತಿಯ ಜೊತೆ ಮಾತಾಡಿ ಮುಗಿಸುವ ಹೊತ್ತಿಗೆ ಟಕ್ ಟಕ್ ಇರುತ್ತಿರಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಗುತ್ತಿತ್ತು. "ನಿಮ್ಮ ಕಡೆ ಕರೆಂಟ್ ಬಹಳ ಹೋಗುತ್ತಲ್ಲೋ" ಎಂದಿದ್ದಕ್ಕೆ, "ಹೂಂ ಅಣ್ಣ, ನಮ್ಮ ಕಡೆ ಹೀಗೇ" ಎಂದಿದ್ದ. ಕರೆಂಟು ಹೋಗಿದ್ದರೆ ಆಟವೂ ಹೋಗಬೇಕಿತ್ತು. ಹಗಲಿಡೀ ನಿಂತ ಲಿಫ್ಟುಗಳ ವಿಚಾರ ಮಾಡುವ ತನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಅನಿಸಿತು. ಫ್ಯಾನು ನಿಂತದ್ದಲ್ಲ. ತಮ್ಮ ಎದ್ದು ಹೋಗಿ ಅದನ್ನು ಆರಿಸುತ್ತಿದ್ದ. ಸರಿಯಾಗಿ ಕೇಳಿಸಲಿ ಎಂದು ಆರಿಸಿ, ಕೂತು, ಅಣ್ಣನ ಮನೆಯನ್ನು ಕೇಳುತ್ತಿದ್ದ. ಕೇಳಿದ್ದನ್ನು ಹೊಟ್ಟೆಯಲ್ಲಿ ಹಾಕಿಕೊಂಡು, ಬಾಗಿಲು ತೆಗೀತಾ ಎಂಬಂತೆ ಆಟ ಮುಂದುವರಿಸುತ್ತಿದ್ದ. ಇವನಿಗೆ ಮೊದಲು ಸಿಟ್ಟು ಬಂತು; ಕದ್ದು ಕೇಳುವುದು ಎಂದರೇನು, ನಾಚಿಕೆ ಬೇಡವೇ? ಆ ಸಿಟ್ಟು ಎರಡು ಸ್ಟಾಪಿನ ತನಕವೂ ಬಾಳಲಿಲ್ಲ. ಬಸ್ಸಿಳಿಯುವ ಹೊತ್ತಿಗೆ ತಾನು ಎಷ್ಟು ಸಣ್ಣವನು ಎಂಬುದೊಂದೇ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಸಂದೇಶ ಕಳಿಸಿದ. ಹೊಸದು ತಂದೆ, ಸರಿ ಇದೆಯಾ ನೋಡ್ಬೇಕು, ಐದು ನಿಮಿಷ ಬಾ. ಬಹಳ ಹೊತ್ತಿನ ಮೇಲೆ ಸರಿ ಎಂದು ಬಂತು. ಊಟವಾದ ಮೇಲೆ ಅವನು ಕೂತ. ಹೊಸದು ತಲೆಯ ಮೇಲೆ ಹಿತವಾಗಿ ಕೂತಿತು. ಪಾಳು ಊರಿನ ಗಾಳಿ ಎರಡೂ ಕಿವಿಗಳಲ್ಲಿ ಬೀಸುತ್ತಿತ್ತು, ಎಡದಲ್ಲಿ ಒಂದು ಕಿಟಕಿ ಬಡಿದುಕೊಳ್ಳುತ್ತಿತ್ತು. ಅಲ್ಲಿ ಕಿಟಕಿ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಆ ಕಡೆಯ ಕೋಣೆ ಬಿಚ್ಚಿಕೊಂಡಿತು. ಟಕ್ ಟಕ್.

"ಕೇಳಿಸ್ತಿದೆಯೇನೋ?"

"ಹೂಂ, ಚೆನ್ನಾಗಿ ಕೇಳಿಸ್ತಿದೆ." ತಮ್ಮನ ಧ್ವನಿ ಅಂಗಡಿಯವನೊಡನೆ ಮಾತಾಡುವಾಗಿನಂತೆ ಇತ್ತು. "ನಿಂಗೆ ಹಿತವಾಗಿದೆಯಾ? ಕನ್ನಡಕ ಒತ್ತಲ್ವಾ?"

"ಇಲ್ಲ. ಹಗುರ ಇದೆ."

"ಎಡಗಡೆ?"

"ಕೇಳಿಸುತ್ತೆ."

"ಒಳ್ಳೇದಾಯ್ತು ಬಿಡು. ಇನ್ನು ನಾನು ಬೇಕಾಗಿಲ್ಲ." ನಗುತ್ತ ಹೇಳಿದ್ದಿರಬಹುದು. ಇಬ್ಬರೂ ಆಟದೊಳಗೆ ಒಂದು ಮುರಿದ ಗೋಡೆಯ ಪಕ್ಕ ನಿಂತಿದ್ದರು, ಯಾರೂ ಹೆಜ್ಜೆ ಇಡಲಿಲ್ಲ.

"ಅತ್ತಿಗೆ ಮನೇಲಿಲ್ವಾ?" ತಮ್ಮ ಕೇಳಿದ.

"ಇದ್ದಾಳಲ್ಲ, ಇಲ್ಲೇ ಪಾತ್ರೆ ತೊಳೀತಿದ್ದಾಳೆ." ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದಳು ಎಂದರೂ ನಡೆಯುತ್ತಿತ್ತು.

"ಪುಟ್ಟಿ?"

"ಆಗಲಿಂದ ಅದೇ ಹಾಡು ಕಿರುಚ್ತಾ ಇದ್ದಾಳೆ, ತಲೆ ಚಿಟ್ಟು ಹಿಡೀತು. ಯಾಕೆ, ಕೇಳಿಸ್ತಿಲ್ವಾ?"

"ಇಲ್ಲ." ಫ್ಯಾನು ಕೆಲವು ಸುತ್ತು ತಿರುಗಿತು. "ಇದರಲ್ಲಿ ನೀನೊಬ್ಬನೇ ಕೇಳಿಸೋದು. ಮುಂಚೆ ಎಲ್ಲ ಕೇಳಿಸ್ತಿತ್ತು."

ಅವನು ಪರದೆಯನ್ನೇ ನೋಡುತ್ತ ಕೂತ. ಹಿಮ ಬೀಳುತ್ತಿತ್ತು. ತಪ್ಪಾಯ್ತು ಕಣೋ ಎನ್ನಬೇಕು. ಆದರೆ ಹಾಗೆಂದರೆ ಯಾವುದಕ್ಕೆ ಎಂದು ತಮ್ಮ ಕೇಳುತ್ತಾನೆ, ಕೇಳಿಸಲಿಲ್ಲ ಎಂದು ಸುಳ್ಳು ಹೇಳುತ್ತಾನೆ, ಆ ಸುಳ್ಳನ್ನು ಇವನು ನಂಬಿದ ಹಾಗೆ ಮಾಡಬೇಕಾಗುತ್ತದೆ. ಆಮೇಲೆ ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತವರಾಗುತ್ತಾರೆ. ಇದು ಕೊನೆಯ ಭಾನುವಾರ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು, ಐದು ನಿಮಿಷ ಮುಗಿಯುತ್ತ ಬಂದಿತ್ತು.

"ಒಂದ್ ನಿಮಿಷ ಇರು" ಎಂದ. ಹೊಸದನ್ನು ತೆಗೆದು ಮೇಜಿನ ಮೇಲಿಟ್ಟ. ಚೀಲ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಹಳೆಯದನ್ನು ಹೊರತೆಗೆದು, ತಂತಿ ಬಿಡಿಸಿ, ಚುಚ್ಚಿ, ತಲೆಗೆ ಹಾಕಿಕೊಂಡ. ಸುಲಿದ ದಿಂಬು ಕೆನ್ನೆಗೆ ಅಂಟಿತು, ಕನ್ನಡಕದ ಕಡ್ಡಿ ಹಳೆಯ ಜಾಗದಲ್ಲೇ ಒತ್ತಿತು, ಎಡಗಡೆ ಮತ್ತೆ ಏನೂ ಇಲ್ಲದಾಯಿತು. ಬಲಗಡೆ ಟಕ್ ಟಕ್. ಅವನು ಕೈ ಎತ್ತಿ ಗುಂಡಿ ಒತ್ತಿದ. ಸಾಸಿವೆ ಕಾಳಿನಷ್ಟು ಕೆಂಪು ಹೊತ್ತಿಕೊಂಡಿತು.

"ಏನೇ, ಸ್ವಲ್ಪ ಬಾ ಇಲ್ಲಿ" ಎಂದು ಕೂಗಿದ.

ಹೆಂಡತಿ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಯಾಕೆ ಮತ್ತೆ ಇದನ್ನ ಹಾಕ್ಕೊಂಡ್ರಿ? ಹೊಸದು ಸರಿ ಇಲ್ವಾ?"

"ಸರಿ ಇದೆ." ಅವನು ಅವಳನ್ನು ನೋಡಲಿಲ್ಲ, ದೀಪವನ್ನು ನೋಡುತ್ತಿದ್ದ. "ಅವತ್ತು ನಿನ್ನ ಹತ್ರ ಹೇಳಿದ್ನಲ್ಲ, ಪಾಪ ಅಂತ ಆಡ್ತೀನಿ ಅಂತ."

"ಯಾವತ್ತು?"

"ಯಾವತ್ತೋ. ಅದು ಸುಳ್ಳು. ನೀನು ನಗ್ತೀಯ ಅಂತ ಹಾಗಂದೆ. ವಾರ ಪೂರ್ತಿ ನಾನು ಇದಕ್ಕೇ ಕಾಯ್ತಿರ್ತೀನಿ. ಈ ಎರಡು ವಾರ ಅವನು ಬರಲಿಲ್ಲ, ನಂಗೆ ಊಟ ಸೇರ್ಲಿಲ್ಲ." ಸುಲಿದ ದಿಂಬನ್ನು ಕಿವಿಗೆ ಒತ್ತಿಕೊಂಡ. "ಅವನಿಗೆ ಯಾರಿದ್ದಾರೆ ಅಂದೆ. ನಂಗೆ ಯಾರಿದ್ದಾರೆ ಇಷ್ಟೆಲ್ಲ ಮಾತಾಡೋಕೆ?"

ಬಲಗಿವಿಯಲ್ಲಿ ಟಕ್ ಟಕ್ ನಿಧಾನವಾಯಿತು. ಟಕ್. ಆಮೇಲೆ ಇನ್ನೊಂದು. ಆಮೇಲೆ ಇಲ್ಲ. ಆ ಕಡೆಯ ಕೋಣೆಯಲ್ಲಿ ಕುರ್ಚಿಯೊಂದನ್ನು ಸದ್ದಾಗದಂತೆ ಎಳೆದುಕೊಂಡ ಸದ್ದಾಯಿತು.

ಹೆಂಡತಿ ಅವನನ್ನು ಜ್ವರ ಬಂದವರನ್ನು ನೋಡುವಂತೆ ನೋಡಿದಳು. "ಇದನ್ನೆಲ್ಲ ನಂಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ."

"ಹೇಳ್ತೀನಿ."

"ಮತ್ತೆ, ಬಂದವರು ಹಾಗೇ ಹೋಗೋದು ಬೇಡ, ಒಂದು ದಿನ ಉಳ್ಕೊಳ್ಳೋ ಹಾಗೆ ಬರೋಕೆ ಹೇಳಿ. ಕುರ್ಚಿ ತುದೀಲಿ ಕೂತು ಎದ್ದು ಹೋಗ್ತಾರೆ" ಎಂದು ಅವಳು ಒಳಗೆ ಹೋದಳು. ಮಗಳು ಹಾಡಿನ ಅದೇ ಸಾಲನ್ನು ಮತ್ತೆ ತಪ್ಪಾಗಿ ಎತ್ತಿಕೊಂಡಳು. ನಲ್ಲಿ ಬಿಟ್ಟ ಸದ್ದು, ಪಾತ್ರೆ ಉರುಳಿದ ಸದ್ದು. ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಅವೆಲ್ಲವೂ ಸ್ವಲ್ಪ ಹೊತ್ತು ಹೋಗಲಿ ಎಂದು ಸುಮ್ಮನೆ ಕೂತ. ಆಮೇಲೆ ಒತ್ತಿ ದೀಪ ಆರಿಸಿದ.

"ಬಂದೆ ಕಣೋ" ಎಂದ. "ಹೊಸದು ಸರಿಹೋಗಲಿಲ್ಲ. ಹಳೇದೇ ಹಾಕ್ಕೊಂಡೆ."

ಆ ಕಡೆ ಕುರ್ಚಿ ಸರಿಯಿತು. ಯಾರೋ ಎದ್ದು ನಾಲ್ಕು ಹೆಜ್ಜೆ ನಡೆದರು, ಸ್ವಿಚ್ಚು ಒತ್ತಿದ ಸದ್ದಾಯಿತು, ಟಕ್ ಟಕ್ ನಿಧಾನವಾಗಿ ಶುರುವಾಯಿತು.

"ಕರೆಂಟ್ ಹೋಗಿತ್ತು" ಎಂದ ತಮ್ಮ.

"ಹೂಂ, ನಿಮ್ಮ ಕಡೆ ಹಾಗೇ" ಎಂದ ಇವನು.

ಪರದೆಯ ಮೇಲೆ ತಮ್ಮ ಗೋಡೆಯನ್ನು ಬಿಟ್ಟು, ಹಿಮದಲ್ಲಿ ಹೆಜ್ಜೆ ಮೂಡಿಸುತ್ತ, ಸುತ್ತಿ ಬಂದು ಅವನ ಎಡಕ್ಕೆ ನಿಂತ. ಆ ಹೆಜ್ಜೆಗಳು ಅವನಿಗೆ ಕೇಳಿಸಲಿಲ್ಲ.

"ನಡಿ ಅಣ್ಣ" ಎಂದ ತಮ್ಮ.